ಗಿಡ ಸೊಂಪಾಗಿದೆ, ಕೆಳಗೆ ಮಾತ್ರ ಗೋಲಿಯಷ್ಟು ಗಡ್ಡೆ. ಕೀಳಲಾ, ಕಾಯಲಾ?

ಮಲ್ಲಿಗೆಮೊಗ್ಗು
ಎಲ್ಲರಿಗೂ ನಮಸ್ಕಾರ. ಆಲೂಗಡ್ಡೆ ಹಾಕಿರುವುದು ಇದೇ ಮೊದಲು. ತಾರಸಿಯಲ್ಲಿ 40 ಲೀಟರಿನ ಆರು ಗ್ರೋ ಬ್ಯಾಗ್ ಇಟ್ಟಿದ್ದೇನೆ, ಒಂದೊಂದರಲ್ಲಿ ಮೂರು ಗಿಡ. ಹಿತ್ತಲಲ್ಲಿ ಹತ್ತು ಗಿಡದ ಒಂದು ಸಾಲೂ ಇದೆ. ಎರಡೂ ಕಡೆ ಒಂದೇ ದಿನ ನೆಟ್ಟಿದ್ದು. ಇವತ್ತಿಗೆ 62 ದಿನ.

ಬ್ಯಾಗಿನ ಗಿಡಗಳು ನನ್ನ ಸೊಂಟದವರೆಗೆ ಬಂದಿವೆ. ಎಲೆ ಕಡುಹಸಿರು, ಕಾಂಡ ಹೆಬ್ಬೆರಳು ದಪ್ಪ. ನಿನ್ನೆ ತಡೆಯಲಾಗದೆ ಒಂದು ಬ್ಯಾಗ್ ಸುರಿದು ನೋಡಿದೆ. ಮಣ್ಣಿನ ತುಂಬಾ ಬಿಳಿ ದಾರದಂಥವು. ತುದಿ ಕೊಕ್ಕೆಯ ಹಾಗೆ ಬಾಗಿದೆ, ಕೆಲವದರ ತುದಿಯಲ್ಲಿ ಕಡಲೆಕಾಳಿನಷ್ಟು ಉಬ್ಬು. ಗೋಲಿ ಗಾತ್ರದ್ದು ಹನ್ನೊಂದು, ನಿಂಬೆಹಣ್ಣಿನಷ್ಟು ಎರಡು. ಆ ಎರಡರಲ್ಲಿ ಒಂದು ಹಸಿರು. ಅಷ್ಟೇ! ಮೂರು ಗಿಡಕ್ಕೆ ಒಂದು ಹಿಡಿ ಗಡ್ಡೆ ನೋಡಿ ಕಣ್ಣಲ್ಲಿ ನೀರು ಬಂತು.

ಉಳಿದ ಐದನ್ನೂ ಈಗಲೇ ಕಿತ್ತು ಬೇರೆ ಏನಾದರೂ ಹಾಕಲಾ? ಕಾದರೆ ದಪ್ಪ ಆಗುತ್ತವಾ? ಇನ್ನೂ ಹೂವೂ ಬಂದಿಲ್ಲ.

ಸೊಪ್ಪುಸಾಲು
ಕೀಳಬೇಡಿ ಕೀಳಬೇಡಿ! 62 ದಿನಕ್ಕೆ ಏನೂ ಹೇಳಲು ಬರುವುದಿಲ್ಲ. ಬೇಗ ಬರುವ ತಳಿಗೇ 70ರಿಂದ 90 ದಿನ ಬೇಕು. ಉಳಿದವಕ್ಕೆ 100, 120 ದಿನವೂ ಆಗುತ್ತದೆ.

ಗುದ್ದಲಿ
ಮೊದಲು ಇದನ್ನು ಹೇಳಿ ಮೇಡಂ. ಗೊಬ್ಬರ ಏನು ಹಾಕಿದಿರಿ, ಎಷ್ಟು ದಿನಕ್ಕೊಮ್ಮೆ?

ಮಲ್ಲಿಗೆಮೊಗ್ಗು
ಬ್ಯಾಗಿಗೆ ಹತ್ತು ದಿನಕ್ಕೊಮ್ಮೆ ಸಗಣಿ ನೀರು. ನಡುವೆ ಎರಡು ಸಲ ಒಂದೊಂದು ಚಮಚ ಯೂರಿಯಾ. ಹಿತ್ತಲ ಸಾಲಿಗೆ ನೆಡುವಾಗ ಹಾಕಿದ ಹಳೇ ಕೊಟ್ಟಿಗೆ ಗೊಬ್ಬರ ಬಿಟ್ಟರೆ ಮತ್ತೇನೂ ಇಲ್ಲ. ಅಲ್ಲಿನ ಗಿಡ ಚಿಕ್ಕವು, ಮೊಣಕಾಲಿನ ಎತ್ತರ.

ಗುದ್ದಲಿ
ಅಲ್ಲಿಗೆ ಉತ್ತರ ಸಿಕ್ಕಿತು. ಸಾರಜನಕ ಜಾಸ್ತಿಯಾಗಿದೆ. ಯೂರಿಯಾ ಕೊಟ್ಟಷ್ಟೂ ಗಿಡ ಎಲೆ ಹಾಕುವುದರಲ್ಲೇ ಮುಳುಗಿಬಿಡುತ್ತದೆ, ಗಡ್ಡೆ ಕಟ್ಟುವುದನ್ನು ಮುಂದೂಡುತ್ತದೆ. ಎಲೆ ಕಡುಹಸಿರು, ಕಾಂಡ ದಪ್ಪ, ಹೂವಿಲ್ಲ, ಗಡ್ಡೆ ಇಲ್ಲ. ಎಲ್ಲಾ ಲಕ್ಷಣ ನೀವೇ ಬರೆದಿದ್ದೀರಿ. ಇವತ್ತಿನಿಂದ ಗೊಬ್ಬರ ಪೂರ್ತಿ ಬಂದ್ ಮಾಡಿ.

ತಾರಸಿತೋಟ
ಗೊಬ್ಬರ ಒಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಅಕ್ಕಾ, ಬ್ಯಾಗ್ ಯಾವ ಬಣ್ಣದ್ದು? ಎಲ್ಲಿಟ್ಟಿದ್ದೀರಿ?

ಮಲ್ಲಿಗೆಮೊಗ್ಗು
ಕಪ್ಪು. ಪಶ್ಚಿಮದ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಿದ್ದೇನೆ. ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಅಲ್ಲಿಟ್ಟೆ.

ತಾರಸಿತೋಟ
ಅದೇ ಅಂದುಕೊಂಡೆ. ಎಲೆಗೆ ಬಿಸಿಲು ಬೇಕು, ಬುಡಕ್ಕೆ ತಂಪು ಬೇಕು. ಆಲೂಗಡ್ಡೆಗೆ ಇದು ಮರೆಯಬಾರದ ಮಾತು. ಮಣ್ಣು 15ರಿಂದ 20 ಡಿಗ್ರಿ ಇದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. 30 ಹತ್ತಿರ ಬಂದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಗಿಡ ಸಾಯುವುದಿಲ್ಲ, ಮೇಲೆ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ನಮಗೆ ಗೊತ್ತೇ ಆಗುವುದಿಲ್ಲ. ಕಪ್ಪು ಬ್ಯಾಗ್, ಕೆಳಗೆ ಕಾಂಕ್ರೀಟು, ಹಿಂದೆ ಗೋಡೆ. ಮೂರು ಕಡೆಯಿಂದ ಕಾಯಿಸಿದ ಹಾಗೆ. ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಇದ್ದರೆ ಮಧ್ಯಾಹ್ನ ಮೂರಕ್ಕೆ ಒಮ್ಮೆ ನೋಡಿ.

ಗುದ್ದಲಿ
ಬಿಸಿಲು ಬಿಸಿಲು ಅಂತ ಎಲ್ಲದಕ್ಕೂ ಬಿಸಿಲನ್ನೇ ಬೈದರೆ ಹೇಗೆ? ನಾನು ನೇರ ಬಿಸಿಲಲ್ಲೇ ಬೆಳೆದಿದ್ದೇನೆ, ಚೆನ್ನಾಗೇ ಬಂದಿದೆ. ಎರಡು ಸಲ ಯೂರಿಯಾ ಕೊಟ್ಟಿದ್ದಾರೆ ಅಂತ ಅವರೇ ಹೇಳುತ್ತಿದ್ದಾರಲ್ಲ.

ತಾರಸಿತೋಟ
ನೀವು ನೆಲದಲ್ಲಿ ಬೆಳೆದಿರಿ ಅಣ್ಣಾ. ನೆಲಕ್ಕೂ ಬ್ಯಾಗಿಗೂ ಹೋಲಿಕೆ ಮಾಡಬೇಡಿ. ನೆಲದಲ್ಲಿ ಅರ್ಧ ಅಡಿ ಕೆಳಗೆ ಹೋದರೆ ತಂಪು ಸಿಗುತ್ತದೆ. ಬ್ಯಾಗಿನಲ್ಲಿ ಬೇರಿಗೆ ಓಡಿಹೋಗಲು ಜಾಗವೇ ಇಲ್ಲ.

ಹಳೇಬೇರು
ಇಬ್ಬರೂ ಸರಿಯಾಗೇ ಹೇಳುತ್ತಿದ್ದೀರಿ. ಜಗಳ ಯಾಕೆ?

ಮಲ್ಲಿಗೆಮೊಗ್ಗು ಅವರು ನೋಡಿದ ಬಿಳಿ ದಾರ ಬೇರಲ್ಲ. ಅದು ಸ್ಟೋಲನ್. ಕಾಂಡದಿಂದಲೇ ಹೊರಟು ನೆಲದಡಿ ಅಡ್ಡಕ್ಕೆ ಹರಿಯುವ ಕುಡಿ. ಅದರ ಕೊಕ್ಕೆ ತುದಿ ಊದಿಕೊಂಡರೆ ಅದೇ ಗಡ್ಡೆ. ಗೆಣಸು ಬೇರು, ಆಲೂಗಡ್ಡೆ ಕಾಂಡ. ಗಡ್ಡೆಯ ಮೇಲಿನ ಕಣ್ಣುಗಳು ಕಾಂಡದ ಗಿಣ್ಣಿನಲ್ಲಿರುವ ಮೊಗ್ಗುಗಳು. ಬೇಕಾದರೆ ಒಂದು ಗಡ್ಡೆ ಕೈಯಲ್ಲಿ ಹಿಡಿದು ನೋಡಿ. ಕಣ್ಣುಗಳು ಎಲ್ಲೆಂದರಲ್ಲಿ ಇರುವುದಿಲ್ಲ, ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತವೆ. ಒಂದು ತುದಿಯಲ್ಲಿ ಒತ್ತೊತ್ತಾಗಿ ಇರುತ್ತವೆ. ಇನ್ನೊಂದು ತುದಿಯಲ್ಲಿ ಸ್ಟೋಲನ್ ಕಡಿದುಹೋದ ಗುರುತು, ಒಂದು ಹೊಕ್ಕುಳ ಹಾಗೆ.

ಆ ತುದಿಗೆ ‘ಇನ್ನು ಉದ್ದ ಹೋಗಬೇಡ, ಊದಿಕೋ’ ಅಂತ ಸೂಚನೆ ಹೋಗುವುದು ಎಲೆಯಿಂದ. ರಾತ್ರಿ ಉದ್ದವಾಗಿ, ತಂಪಾಗಿ ಇದ್ದರೆ ಸೂಚನೆ ಜೋರಾಗಿ ಹೋಗುತ್ತದೆ. ಆಲೂಗಡ್ಡೆಯ ಮೂಲ ಆಂಡೀಸ್ ಬೆಟ್ಟಸಾಲು ತಾನೆ? ಅಲ್ಲಿನ ಹಗಲು ಚಿಕ್ಕದು, ರಾತ್ರಿ ತಣ್ಣಗೆ. ಸೆಕೆ ಜಾಸ್ತಿಯಾದರೆ ಸೂಚನೆ ಕುಂದುತ್ತದೆ, ಸಾರಜನಕ ಜಾಸ್ತಿಯಾದರೂ ಕುಂದುತ್ತದೆ. ಇವರ ಬ್ಯಾಗಿನಲ್ಲಿ ಎರಡೂ ಸೇರಿಕೊಂಡಿವೆ. ಕುಡಿಗಳು ಊದಿಕೊಳ್ಳದೆ ಉದ್ದಕ್ಕೆ ಹೋಗುತ್ತಲೇ ಇವೆ.

ಒಳ್ಳೆಯ ಸುದ್ದಿಯೂ ಇದೆ. ಕಡಲೆಕಾಳಿನಷ್ಟು ಉಬ್ಬು ಕಂಡಿತು ಅಂದರೆ ಕೆಲಸ ಶುರುವಾಗಿದೆ. ಕಾಯಿರಿ.

ಚಿಗುರು
ಅಬ್ಬಾ, ಆಲೂಗಡ್ಡೆ ಕಾಂಡ ಅಂತ ಶಾಲೆಯಲ್ಲಿ ಓದಿದ್ದೆ. ಈಗ ಅಡುಗೆಮನೆಗೆ ಹೋಗಿ ನೋಡಿದೆ. ಹೌದು, ಸುರುಳಿ!

ಹಿತ್ತಲಗಿಡ
ಬ್ಯಾಗಿನ ಮೇಲೆ ಇನ್ನೂ ಅರ್ಧ ಅಡಿ ಮಣ್ಣು ತುಂಬಿ. ಕಾಂಡ ಮುಚ್ಚಿದಷ್ಟೂ ಮೇಲೆ ಮೇಲೆ ಹೊಸ ಗಡ್ಡೆ ಬಿಡುತ್ತದೆ. ಡ್ರಮ್ಮಿನಲ್ಲಿ ನಾಲ್ಕು ಅಡಿ ತುಂಬಿ, ಮೇಲಿಂದ ಕೆಳಗಿನವರೆಗೆ ಗಡ್ಡೆ ತೆಗೆದ ವಿಡಿಯೋ ನೋಡಿದ್ದೇನೆ.

ಎರೆಹುಳು
ನಾನು ಆ ವಿಡಿಯೋ ನಂಬಿ ಮಾಡಿದ್ದೇನೆ. ಡ್ರಮ್ಮು, ಮೂರೂವರೆ ಅಡಿ ಮಣ್ಣು, ವಾರ ವಾರ ತುಂಬಿಸಿದ್ದೇ ತುಂಬಿಸಿದ್ದು. ಕೊನೆಗೆ ಅಗೆದಾಗ ಗಡ್ಡೆ ಇದ್ದದ್ದು ತಳದ ಒಂದು ಅಡಿಯಲ್ಲಿ ಮಾತ್ರ. ಮೇಲಿನ ಎರಡೂವರೆ ಅಡಿಯಲ್ಲಿ ಬರೀ ಕಾಂಡ, ನಾಲ್ಕು ಎಳೆ ಬೇರು. ಅಷ್ಟು ಮಣ್ಣು ಹೊತ್ತು ಮೇಲೆ ಹತ್ತಿಸಿದ್ದು ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಳೇಬೇರು
ಹೌದು. ಹೆಚ್ಚಿನ ತಳಿಗಳಲ್ಲಿ ಸ್ಟೋಲನ್ ಹೊರಡುವುದು ಬಿತ್ತನೆ ಗಡ್ಡೆಗೆ ಸ್ವಲ್ಪ ಮೇಲಿನ ಕೆಲವೇ ಗಿಣ್ಣುಗಳಿಂದ. ಮಣ್ಣು ಏರಿಸುವುದು ಬೇಕೇ ಬೇಕು, ಆದರೆ ಅದರ ಮುಖ್ಯ ಕೆಲಸ ಬೇರೆ. ಗಡ್ಡೆಗೆ ಬೆಳಕು ಬೀಳದ ಹಾಗೆ ಮುಚ್ಚುವುದು, ತಂಪು ಇಡುವುದು, ಸಡಿಲ ಮಣ್ಣಿನಲ್ಲಿ ಊದಿಕೊಳ್ಳಲು ಜಾಗ ಮಾಡುವುದು. ಗಿಡ ಒಂದು ಗೇಣು ಬಂದಾಗ ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ ಏರಿಸಿದರೆ ಸಾಕು.

ಹಿತ್ತಲಗಿಡ
ನನಗೆ ಏರಿಸಿದ ಮಣ್ಣಿನಲ್ಲೂ ಗಡ್ಡೆ ಸಿಕ್ಕಿದೆ ಸಾರ್. ಸುಳ್ಳು ಹೇಳುತ್ತಿಲ್ಲ.

ಹಳೇಬೇರು
ಸುಳ್ಳು ಅಂದಿಲ್ಲಪ್ಪ. ಮೊದಲಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬಂದರೆ ಒಂದೆರಡು ಗಿಣ್ಣು ಮೇಲೂ ಬರಬಹುದು. ತಡವಾಗಿ ಬರುವ ಕೆಲವು ತಳಿಗಳಲ್ಲಿ ಇನ್ನೂ ಜಾಸ್ತಿ. ನಾಲ್ಕು ಅಡಿ ಪೂರ್ತಿ ತುಂಬುತ್ತದೆ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಮಲ್ಲಿಗೆಮೊಗ್ಗು
ಥರ್ಮಾಮೀಟರ್ ಸಿಕ್ಕಿತು! ಮಧ್ಯಾಹ್ನ 3 ಗಂಟೆಗೆ ನೋಡಿದೆ. ಬ್ಯಾಗಿನ ಅಂಚಿನಲ್ಲಿ 35, ನಡುವೆ 31. ಹಿತ್ತಲ ಸಾಲಿನಲ್ಲಿ ಒಣಹುಲ್ಲಿನ ಕೆಳಗೆ 22. ನನಗೆ ನಂಬಲಿಕ್ಕೇ ಆಗಲಿಲ್ಲ, ಎರಡೆರಡು ಸಲ ಚುಚ್ಚಿ ನೋಡಿದೆ. ಬ್ಯಾಗಿನ ಹೊರಮೈ ಮುಟ್ಟಿದರೆ ಕೈ ಚುರ್ ಅಂತು.

ತಾರಸಿತೋಟ
ನೋಡಿದಿರಾ. ಈಗ ಹೀಗೆ ಮಾಡಿ ಅಕ್ಕಾ. ಗೋಡೆಯಿಂದ ದೂರ ಸರಿಸಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳು ಬರುವ ಕಡೆ ಇಡಿ. ಕೆಳಗೆ ಎರಡು ಇಟ್ಟಿಗೆ ಅಥವಾ ಹಲಗೆ ಕೊಡಿ, ಕಾಂಕ್ರೀಟಿನ ಕಾವು ತಟ್ಟಬಾರದು. ಬ್ಯಾಗಿನ ಸುತ್ತ ಗೋಣಿಚೀಲ ಸುತ್ತಿ. ಮೇಲೆ ನಾಲ್ಕು ಬೆರಳು ಒಣಹುಲ್ಲು ಹೊದಿಸಿ. ನೀರು ಬೆಳಿಗ್ಗೆ ಬೇಗ ಹಾಕಿ.

ಗುದ್ದಲಿ
35 ಡಿಗ್ರಿ ಅಂದರೆ ಜಾಸ್ತಿನೇ ಆಯಿತು. ಒಪ್ಪಿದೆ. ಆದರೂ ಗೊಬ್ಬರ ನಿಲ್ಲಿಸುವುದನ್ನು ಮರೆಯಬೇಡಿ ಮೇಡಂ. ಮತ್ತೆ ಒಂದು ಮಾತು, ಐದನ್ನೂ ಸರಿಸಬೇಡಿ. ಎರಡನ್ನು ಅಲ್ಲೇ ಬಿಡಿ. ಆಗ ಯಾವುದು ಎಷ್ಟು ಕಾರಣ ಅಂತ ನಮಗೂ ಗೊತ್ತಾಗುತ್ತದೆ.

ಮಲ್ಲಿಗೆಮೊಗ್ಗು
ಆಯಿತು. ಮೂರು ನೆರಳಿಗೆ, ಎರಡು ಅಲ್ಲೇ. ಗೊಬ್ಬರ ಐದಕ್ಕೂ ಬಂದ್.

ಮೋಡಬಿಸಿಲು
ಬೂದಿ ಹಾಕಿ ಬೂದಿ. ಪೊಟ್ಯಾಷ್ ಸಿಗುತ್ತದೆ, ಗಡ್ಡೆ ದಪ್ಪ ಆಗುತ್ತದೆ.

ಎರೆಹುಳು
ಆಲೂಗಡ್ಡೆಗೆ ಬೂದಿ ಬೇಡ ಮಾರಾಯರೇ. ಪೊಟ್ಯಾಷ್ ಸಿಗುವುದು ನಿಜ. ಜೊತೆಗೆ ಮಣ್ಣಿನ ಹುಳಿ ಕಡಿಮೆಯಾಗಿ ಕಜ್ಜಿ ರೋಗ ಬರುತ್ತದೆ. ಗಡ್ಡೆಯ ಸಿಪ್ಪೆ ಮೇಲೆ ಒರಟು ಒರಟಾಗಿ, ಕಾರ್ಕಿನ ಹಾಗೆ ಮಚ್ಚೆ ಬರುತ್ತಲ್ಲ, ಅದೇ. ಪಿಎಚ್ ಅಂದರೆ ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದು 5.2ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಕಜ್ಜಿಯ ಕಾಟ ತುಂಬಾ ಕಡಿಮೆ. ನಾನು ಒಂದು ವರ್ಷ ಕೈತುಂಬ ಬೂದಿ ಎರಚಿ, ಒಂದು ಬುಟ್ಟಿ ಕಜ್ಜಿ ಗಡ್ಡೆ ತೆಗೆದಿದ್ದೇನೆ. ಸಿಪ್ಪೆ ದಪ್ಪಗೆ ತೆಗೆದರೆ ತಿನ್ನಬಹುದು, ಆದರೆ ನೋಡಿದರೆ ಮನಸ್ಸಾಗುವುದಿಲ್ಲ.

ಮೋಡಬಿಸಿಲು
ಇದು ಗೊತ್ತಿರಲಿಲ್ಲ. ನನ್ನ ಗಡ್ಡೆಗಳೂ ಹಾಗೇ ಆಗಿದ್ದವು, ಹುಳ ಕಚ್ಚಿದ್ದು ಅಂದುಕೊಂಡಿದ್ದೆ.

ಹಳೇಬೇರು
ಕಜ್ಜಿಗೆ ಇನ್ನೊಂದು ಕಾರಣ ಒಣ ಮಣ್ಣು. ಗಡ್ಡೆ ಕಟ್ಟಲು ಶುರುವಾದ ಮೇಲೆ ನಾಲ್ಕೈದು ವಾರ ಮಣ್ಣು ಒಣಗಬಾರದು. ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಸುರಿದರೆ ಗಡ್ಡೆ ಬಿರುಕು ಬಿಡುತ್ತದೆ. ಇಲ್ಲವೇ ಗಡ್ಡೆಯ ಮೇಲೊಂದು ಮರಿಗಡ್ಡೆ ಹುಟ್ಟಿ ಬೊಂಬೆ ಆಕಾರ ಆಗುತ್ತದೆ, ಇಲ್ಲವೇ ಒಳಗೆ ಪೊಳ್ಳಾಗುತ್ತದೆ. ಹದವಾಗಿ, ದಿನಾ ಒಂದೇ ರೀತಿ.

ಚಿಗುರು
ಹೂವು ಬಂದಿಲ್ಲ ಅಂದರೆ ಗಡ್ಡೆ ಬರುವುದಿಲ್ಲವಾ? ನನ್ನ ಗಿಡದಲ್ಲೂ ಮೊಗ್ಗು ಬಂದು ಉದುರಿ ಹೋಯಿತು.

ಸೊಪ್ಪುಸಾಲು
ಹೂವಿಗೂ ಗಡ್ಡೆಗೂ ನಂಟು ಅಷ್ಟಕ್ಕಷ್ಟೆ. ಕೆಲವು ತಳಿ ಹೂ ಬಿಡುವುದೇ ಇಲ್ಲ. ಸೆಕೆಗೆ ಮೊಗ್ಗು ಉದುರುವುದೂ ಉಂಟು. ಹೂ ಬಿಟ್ಟರೆ ಗಡ್ಡೆ ಕಟ್ಟುತ್ತಿರಬಹುದು ಅಂತ ಒಂದು ಸುಳಿವು, ಅಷ್ಟೇ.

ಹೊಂಬಿಸಿಲು
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಗಿಡದಲ್ಲಿ ಹೂವಾದ ಮೇಲೆ ಚಿಕ್ಕ ಹಸಿರು ಟೊಮೆಟೊ ಥರ ಕಾಯಿ ಬಿಟ್ಟಿದೆ! ಪಕ್ಕದಲ್ಲಿ ಟೊಮೆಟೊ ಗಿಡ ಇದೆ, ಬೆರಕೆ ಆಯಿತಾ?

ಎರೆಹುಳು
ಬೆರಕೆ ಅಲ್ಲ, ಅದು ಆಲೂಗಡ್ಡೆಯದೇ ಕಾಯಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲಾ ಒಂದೇ ಕುಟುಂಬ, ಅದಕ್ಕೇ ಹೋಲಿಕೆ. ತಿನ್ನಬೇಡಿ, ವಿಷ. ಮಕ್ಕಳಿದ್ದರೆ ಇವತ್ತೇ ಕಿತ್ತು ಬಿಸಾಡಿ. ಎಲೆ, ಕಾಂಡವೂ ತಿನ್ನುವುದಕ್ಕಲ್ಲ.

ಹೊಂಬಿಸಿಲು
ಕಿತ್ತೆ, ಒಂಬತ್ತು ಇದ್ದವು. ಮಗಳು ಆಗಲೇ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದಳು. ಕೇಳಿದ್ದು ಎಷ್ಟು ಒಳ್ಳೆಯದಾಯಿತು.

ಹಿತ್ತಲಗಿಡ
ಆ ಕಾಯಿಯ ಬೀಜದಿಂದಲೂ ಗಿಡ ಮಾಡಬಹುದು, ಅಲ್ವಾ?

ಹಳೇಬೇರು
ಮಾಡಬಹುದು. ಆದರೆ ತಾಯಿಯ ಹಾಗೆ ಬರುವುದಿಲ್ಲ. ಒಂದೊಂದು ಬೀಜವೂ ಒಂದೊಂದು ಹೊಸ ತಳಿ. ಹೊಸ ತಳಿ ಹುಡುಕುವವರು ಮಾಡುವ ಕೆಲಸ ಅದು, ತುಂಬಾ ಚೆನ್ನಾಗಿರುತ್ತದೆ. ಮನೆಗೆ ಗಡ್ಡೆ ಬೇಕು ಅನ್ನುವವರು ಗಡ್ಡೆಯನ್ನೇ ನೆಡಬೇಕು.

ಮಲ್ಲಿಗೆಮೊಗ್ಗು
ನನ್ನ ಹಸಿರು ಗಡ್ಡೆಯ ಕಥೆ ಏನು? ಸಿಪ್ಪೆ ತೆಗೆದರೆ ಆಗುತ್ತದಾ? ಚೆನ್ನಾಗಿ ಬೇಯಿಸಿದರೆ ಸರಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಎರೆಹುಳು
ಬೇಯಿಸಿದರೆ ಹೋಗುವುದಿಲ್ಲ ಅಕ್ಕಾ. ಹಸಿರು ಬಣ್ಣ ಪತ್ರಹರಿತ್ತಿನದು, ಅದರಿಂದ ತೊಂದರೆ ಇಲ್ಲ. ಆದರೆ ಬೆಳಕು ಬಿದ್ದ ಕಡೆ ಸೋಲನೈನ್ ಅನ್ನುವ ವಿಷವೂ ಹೆಚ್ಚುತ್ತದೆ. ಅದು ಬೇಯಿಸುವ ಕಾವಿಗೆ ಜಗ್ಗುವುದಿಲ್ಲ. ದೊಡ್ಡ ಗಡ್ಡೆಯಲ್ಲಿ ಒಂದು ಚಿಕ್ಕ ಹಸಿರು ಮಚ್ಚೆ ಇದ್ದರೆ ದಪ್ಪಗೆ ಕೊಯ್ದು ತೆಗೆದು ಉಳಿದದ್ದು ಬಳಸಬಹುದು. ನಿಂಬೆಹಣ್ಣಿನಷ್ಟರ ಗಡ್ಡೆ ಪೂರ್ತಿ ಹಸಿರಾಗಿದ್ದರೆ ಬಿಸಾಡಿ. ಬಾಯಿಗಿಟ್ಟಾಗ ಕಹಿ ಅನ್ನಿಸಿದರೆ ಉಗುಳಿಬಿಡಿ.

ಬಿತ್ತನೆಕೈ
ಯಾರೂ ಬಿತ್ತನೆ ಗಡ್ಡೆಯ ಬಗ್ಗೆ ಕೇಳಲೇ ಇಲ್ಲ. ಎಲ್ಲಿಂದ ತಂದಿರಿ? ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದದ್ದನ್ನೇ ನೆಟ್ಟಿರಾ?

ಮಲ್ಲಿಗೆಮೊಗ್ಗು
ಹೌದು... ತಪ್ಪಾಯಿತಾ?

ಬಿತ್ತನೆಕೈ
ತಪ್ಪು ಅಂತಲ್ಲ. ಬರುತ್ತದೆ. ಆದರೆ ತಿನ್ನುವ ಗಡ್ಡೆಯನ್ನು ಯಾರೂ ರೋಗ ಪರೀಕ್ಷೆ ಮಾಡಿ ಮಾರುವುದಿಲ್ಲ. ಗಿಡದ ರಸ ಹೀರುವ ಸಸ್ಯಹೇನುಗಳು ಒಂದು ಗಿಡದಿಂದ ಇನ್ನೊಂದಕ್ಕೆ ವೈರಸ್ ಹೊತ್ತು ತರುತ್ತವೆ. ಅದು ಗಡ್ಡೆಯೊಳಗೆ ಸೇರಿ ಮುಂದಿನ ಬೆಳೆಗೂ ಬರುತ್ತದೆ. ಗಡ್ಡೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ವರ್ಷ ವರ್ಷ ಇಳುವರಿ ಕುಗ್ಗುತ್ತಾ ಹೋಗುತ್ತದೆ. ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಚಿಕೊಂಡು, ಮುಟ್ಟಿದರೆ ಗರಗರ ಅಂದರೆ ಎಲೆಸುರುಳಿ ವೈರಸ್ ಅಂತ ಅನುಮಾನಪಡಿ. ಮಾರುವ ಗಡ್ಡೆಗೆ ಮೊಳಕೆ ತಡೆಯುವ ರಾಸಾಯನಿಕ ಹಾಕಿರುವುದೂ ಉಂಟು. ತಿಂಗಳುಗಟ್ಟಲೆ ಇಟ್ಟರೂ ಮೊಳೆಯುವುದಿಲ್ಲ.

ಆದಷ್ಟು ಪ್ರಮಾಣೀಕರಿಸಿದ ಬಿತ್ತನೆ ಗಡ್ಡೆ ತನ್ನಿ. ಮೊಟ್ಟೆ ಗಾತ್ರದ್ದಾದರೆ ಇಡಿಯಾಗಿ ನೆಡಿ. ದೊಡ್ಡದಿದ್ದರೆ ಕೊಯ್ದು, ಒಂದೊಂದು ತುಂಡು 40, 50 ಗ್ರಾಂ, ಕನಿಷ್ಠ ಎರಡು ಕಣ್ಣು ಇರುವ ಹಾಗೆ ಮಾಡಿ. ಕೊಯ್ದ ದಿನವೇ ನೆಡಬೇಡಿ. ಎರಡು ಮೂರು ದಿನ ನೆರಳಲ್ಲಿ ಇಟ್ಟರೆ ಗಾಯ ಒಣಗಿ ಪದರ ಕಟ್ಟುತ್ತದೆ. ಹಸಿ ಗಾಯದಲ್ಲಿ ನೆಟ್ಟರೆ ಮಣ್ಣಲ್ಲೇ ಕೊಳೆಯುತ್ತದೆ.

ಗುದ್ದಲಿ
ನಾನು ಹನ್ನೆರಡು ವರ್ಷದಿಂದ ಮನೆಯ ಗಡ್ಡೆಯನ್ನೇ ನೆಡುತ್ತಿದ್ದೇನೆ. ಏನೂ ಆಗಿಲ್ಲ.

ಬಿತ್ತನೆಕೈ
ಹೋಲಿಸಿ ನೋಡಿದ್ದೀರಾ ಅಣ್ಣಾ? ಒಂದು ಸಾಲು ಹೊಸ ಬಿತ್ತನೆ, ಪಕ್ಕದಲ್ಲಿ ನಿಮ್ಮದು. ಒಮ್ಮೆ ಹಾಗೆ ಹಾಕಿ, ತೂಕ ಮಾಡಿ. ಆಮೇಲೆ ಮಾತಾಡೋಣ.

ಗುದ್ದಲಿ
ಹಾಕುತ್ತೇನೆ. ಹಾಕಿ ಇಲ್ಲೇ ಬರೆಯುತ್ತೇನೆ.

ನೀರಿನಗಡಿಗೆ
ವೈರಸ್ ಹಾಗಿರಲಿ, ನಾನು ಮನೆಯ ಗಡ್ಡೆ ನೆಟ್ಟು ಇಡೀ ಪಾತಿ ಕಳೆದುಕೊಂಡೆ. ಮಧ್ಯಾಹ್ನ ಗಿಡ ಬಾಡುತ್ತಿತ್ತು, ಸಂಜೆ ಸರಿಯಾಗುತ್ತಿತ್ತು. ಎಲೆ ಹಸಿರಾಗೇ ಇತ್ತು. ನೀರು ಸಾಲದು ಅಂತ ಇನ್ನೂ ಹಾಕಿದೆ. ನಾಲ್ಕನೇ ದಿನ ಸಂಜೆಯೂ ಎದ್ದೇಳಲಿಲ್ಲ. ಗೊತ್ತಿದ್ದ ಒಬ್ಬರು ಬಂದು ಕಾಂಡವನ್ನು ಬುಡದಲ್ಲಿ ಕೊಯ್ದು, ಗಾಜಿನ ಲೋಟದ ನೀರಲ್ಲಿ ತುದಿ ಮುಳುಗಿಸಿ ಅಲುಗಾಡದ ಹಾಗೆ ಹಿಡಿದರು. ಎರಡು ಮೂರು ನಿಮಿಷ. ಕೊಯ್ದ ಜಾಗದಿಂದ ಹಾಲಿನ ಎಳೆಯಂತೆ ಬಿಳಿ ದಾರ ನಿಧಾನವಾಗಿ ಕೆಳಗೆ ಇಳಿಯಿತು. ದುಂಡಾಣು ಸೊರಗು ರೋಗ. ಔಷಧಿ ಇಲ್ಲ ಅಂದರು. ಗಿಡ, ಗಡ್ಡೆ ಎಲ್ಲಾ ತೆಗೆದು ಸುಟ್ಟೆ. ಆ ಮಣ್ಣಿನಲ್ಲಿ ಈಗಲೂ ಆಲೂ, ಟೊಮೆಟೊ, ಬದನೆ ಯಾವುದೂ ಹಾಕುವುದಿಲ್ಲ.

ಹಳೇಬೇರು
ಸರಿಯಾಗಿ ಮಾಡಿದ್ದೀರಿ. ನೀರು ಹರಿದ ಕಡೆಯೆಲ್ಲಾ ಆ ರೋಗ ಹರಿಯುತ್ತದೆ. ಗುದ್ದಲಿ, ಕುಡುಗೋಲು ಕೂಡ ತೊಳೆದು ಒಣಗಿಸಬೇಕು. ರೋಗ ಇಲ್ಲದಿದ್ದರೂ ಒಂದೇ ಜಾಗದಲ್ಲಿ ಮೂರು ನಾಲ್ಕು ವರ್ಷ ಈ ಕುಟುಂಬದ ಗಿಡ ಮತ್ತೆ ಹಾಕದಿರುವುದು ಒಳ್ಳೆಯದು.

ಮೋಡಬಿಸಿಲು
ನಮ್ಮಲ್ಲಿ ಐದು ದಿನದಿಂದ ಜಿಟಿಜಿಟಿ ಮಳೆ, ಮೋಡ. ಎಲೆಯ ಅಂಚಿನಲ್ಲಿ ನೀರಲ್ಲಿ ನೆನೆದ ಹಾಗೆ ಕಂದು ಮಚ್ಚೆ. ತಿರುಗಿಸಿದರೆ ಹಿಂದೆ ಬಿಳಿ ಬೂಜು. ಇದೇನು?

ಹಳೇಬೇರು
ಅದು ಅಂಗಮಾರಿ. ತಡ ಮಾಡಬೇಡಿ. ತಂಪು ಹವೆ, ಹತ್ತಾರು ಗಂಟೆ ಎಲೆ ಒದ್ದೆ, ಇಷ್ಟು ಸಿಕ್ಕರೆ ವಾರದೊಳಗೆ ಪಾತಿ ಕಪ್ಪಾಗುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಬರಗಾಲ ಬಂದು ಸುಮಾರು ಹತ್ತು ಲಕ್ಷ ಜನ ಸತ್ತರಲ್ಲ, ಅಲ್ಲಿ ಬೆಳೆ ಕೊಳೆಸಿದ್ದು ಇದೇ ರೋಗ. ಬಡವರು ಒಂದೇ ಬೆಳೆ, ಬಹುಪಾಲು ಒಂದೇ ತಳಿ ನಂಬಿಕೊಂಡಿದ್ದರು.

ಎಷ್ಟು ಗಿಡಕ್ಕೆ ಬಂದಿದೆ? ಒಂದೆರಡಾದರೆ ಬುಡದವರೆಗೆ ಕೊಯ್ದು ಪಾತಿಯಿಂದ ದೂರ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ತಾಮ್ರದ ಔಷಧಿ ರೋಗ ಬರುವ ಮೊದಲು ಎಲೆ ಕಾಯುತ್ತದೆ, ಬಂದ ಎಲೆಯನ್ನು ವಾಸಿ ಮಾಡುವುದಿಲ್ಲ. ಪೂರ್ತಿ ಹರಡಿದ್ದರೆ ಎಲ್ಲಾ ಸೊಪ್ಪು ಕೊಯ್ದು ತೆಗೆದು, ಗಡ್ಡೆಯನ್ನು ಎರಡು ವಾರ ಮಣ್ಣಲ್ಲೇ ಬಿಡಿ. ಕೂಡಲೇ ಅಗೆದರೆ ಮೇಲ್ಮಣ್ಣಿನ ರೋಗಾಣು ಗಡ್ಡೆಗೆ ತಾಗಿ ಬುಟ್ಟಿಯಲ್ಲೇ ಕೊಳೆಯುತ್ತದೆ.

ಮೋಡಬಿಸಿಲು
ಎಂಟಕ್ಕೆ ಆರು ಗಿಡ. ಮಳೆ ನಿಂತ ಕೂಡಲೇ ಕೊಯ್ಯುತ್ತೇನೆ. ತುಂಬಾ ಆಸೆಯಿಂದ ಬೆಳೆಸಿದ್ದೆ.

ಚಿಗುರು
ಅಯ್ಯೋ. ಗಡ್ಡೆಯಾದರೂ ಉಳಿಯಲಿ.

ಮಲ್ಲಿಗೆಮೊಗ್ಗು
75ನೇ ದಿನ. ಬ್ಯಾಗ್ ಸುರಿಯದೆ, ಹಿತ್ತಲ ಸಾಲಿನ ಒಂದು ಗಿಡದ ಪಕ್ಕ ಬೆರಳು ತೂರಿಸಿ ನೋಡಿದೆ. ಮಣ್ಣು ತಣ್ಣಗೆ, ಪುಡಿಪುಡಿ. ಮೊದಲು ಬೆರಳಿಗೆ ಒಂದು ಕಲ್ಲು ತಾಗಿತು ಅಂದುಕೊಂಡೆ. ಕಲ್ಲಿಗಿಂತ ನುಣುಪು. ಸುತ್ತ ಬೆರಳು ಓಡಿಸಿದರೆ ಮೊಟ್ಟೆಗಿಂತ ದೊಡ್ಡ ಗಡ್ಡೆ! ಅದರ ಪಕ್ಕ ಇನ್ನೊಂದು. ಒಂದನ್ನು ತಿರುಚಿ ತೆಗೆದು ಮಣ್ಣು ಮುಚ್ಚಿದೆ. ಮೊಣಕಾಲೆತ್ತರದ ಆ ಗಿಡದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಗುದ್ದಲಿ
ಯೂರಿಯಾ ಹಾಕದ ಗಿಡ ಅದು. ನೆನಪಿರಲಿ.

ತಾರಸಿತೋಟ
22 ಡಿಗ್ರಿ ಮಣ್ಣಿನ ಗಿಡ ಅದು. ಅದೂ ನೆನಪಿರಲಿ.

ಚಿಗುರು
ಪೂರ್ತಿ ಕೀಳುವುದು ಯಾವಾಗ? ಎಲೆ ಒಣಗುವವರೆಗೂ ಕಾಯಬೇಕಾ?

ಸೊಪ್ಪುಸಾಲು
ಎಳೆ ಗಡ್ಡೆ ತಕ್ಷಣ ತಿನ್ನಲು ಬೇಕಾದರೆ ಹೀಗೆ ಬೆರಳು ಹಾಕಿ ಆಗಾಗ ಒಂದೆರಡು ತೆಗೆಯಬಹುದು. ಇಟ್ಟುಕೊಳ್ಳಬೇಕು ಅಂದರೆ ಗಿಡ ತಾನಾಗಿ ಹಳದಿಯಾಗಿ ಬೀಳಬೇಕು. ಆಗ ಸೊಪ್ಪು ಕೊಯ್ದು, ನೀರು ನಿಲ್ಲಿಸಿ, ಹತ್ತರಿಂದ ಹದಿನಾಲ್ಕು ದಿನ ಗಡ್ಡೆ ಮಣ್ಣಲ್ಲೇ ಇರಲಿ. ಸಿಪ್ಪೆ ಬಲಿಯುವುದು ಆ ದಿನಗಳಲ್ಲಿ. ಒಂದು ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಆಗಿಲ್ಲ.

ಅಗೆಯುವಾಗ ಗಿಡದಿಂದ ಒಂದು ಅಡಿ ದೂರದಲ್ಲಿ ಗುದ್ದಲಿ ಹಾಕಿ, ಬುಡದಲ್ಲಿ ಅಲ್ಲ. ಎಲ್ಲರಿಗಿಂತ ದಪ್ಪ ಗಡ್ಡೆಗೇ ಏಟು ಬೀಳುವುದು, ಯಾಕೋ ಗೊತ್ತಿಲ್ಲ.

ಹಿತ್ತಲಗಿಡ
ಅಗೆದ ಮೇಲೆ ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ ಇಡಿ.

ಎರೆಹುಳು
ಬೇಡ ಬೇಡ, ಎರಡೂ ಬೇಡ! ತೊಳೆದರೆ ಕೊಳೆಯುತ್ತದೆ, ಬಿಸಿಲಿಗೆ ಇಟ್ಟರೆ ಹಸಿರಾಗುತ್ತದೆ. ಮೇಲಿನ ಮಣ್ಣು ಕೈಯಲ್ಲೇ ಮೆಲ್ಲಗೆ ಒರೆಸಿ. ಕತ್ತಲೆ, ಗಾಳಿ ಆಡುವ ಜಾಗದಲ್ಲಿ ಒಂದೇ ಪದರದಲ್ಲಿ ಹತ್ತು ದಿನ ಹರಡಿ. ಸಣ್ಣಪುಟ್ಟ ಗಾಯ ಮಾಯುತ್ತದೆ. ಏಟು ಬಿದ್ದದ್ದನ್ನು ಬೇರೆ ಇಟ್ಟು ಮೊದಲು ಬಳಸಿ. ಆಮೇಲೆ ಗೋಣಿಚೀಲ ಅಥವಾ ಬುಟ್ಟಿ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ.

ಹೊಂಬಿಸಿಲು
ಫ್ರಿಜ್ಜಲ್ಲಿ?

ಎರೆಹುಳು
ಫ್ರಿಜ್ಜಿನ ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ. ಗಡ್ಡೆ ಸಿಹಿಯಾಗುತ್ತದೆ, ಎಣ್ಣೆಯಲ್ಲಿ ಕರಿದರೆ ಬೇಗ ಕಪ್ಪಾಗುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕತ್ತಲೆ ಮೂಲೆ ಹುಡುಕಿ, ಅಲ್ಲಿಡಿ.

ಮೋಡಬಿಸಿಲು
ನನ್ನ ಅಂಗಮಾರಿ ಪಾತಿ ಇವತ್ತು ಅಗೆದೆ. ಸೊಪ್ಪು ಕೊಯ್ದು 16 ದಿನ ಆಗಿತ್ತು. ಎಂಟು ಗಿಡಕ್ಕೆ ಎರಡೂವರೆ ಕೆಜಿ. ಕೊಳೆತದ್ದು ಮೂರೇ ಗಡ್ಡೆ! ಹಳೇಬೇರು ಸಾರ್, ನೀವು ಹೇಳದಿದ್ದರೆ ಅವತ್ತೇ ಅಗೆದುಬಿಡುತ್ತಿದ್ದೆ. ತುಂಬಾ ಥ್ಯಾಂಕ್ಸ್.

ಹಳೇಬೇರು
ಸಂತೋಷ. ಎರಡು ವಾರ ದಿನಾ ಒಂದೊಂದನ್ನೂ ನೋಡುತ್ತಿರಿ. ಮೆತ್ತಗಾದದ್ದನ್ನು ಕೂಡಲೇ ತೆಗೆಯಿರಿ.

ಮಲ್ಲಿಗೆಮೊಗ್ಗು
106ನೇ ದಿನ. ಎಲ್ಲಾ ಅಗೆದಾಯಿತು. ಲೆಕ್ಕ ಬರೆಯುತ್ತೇನೆ, ಎಲ್ಲರೂ ಕಾಯುತ್ತಿದ್ದೀರಿ ಅಂತ ಗೊತ್ತು.

ಗೋಡೆಯ ಹತ್ತಿರವೇ ಬಿಟ್ಟ ಎರಡು ಬ್ಯಾಗ್: 650 ಗ್ರಾಂ, 800 ಗ್ರಾಂ. ಹೆಚ್ಚಿನವು ಚಿಕ್ಕವು, ನಾಲ್ಕು ಬೊಂಬೆ ಆಕಾರ.
ನೆರಳಿಗೆ ಸರಿಸಿ ಗೋಣಿ ಸುತ್ತಿದ ಮೂರು: 1.7 ಕೆಜಿ, 2.1 ಕೆಜಿ, 1.4 ಕೆಜಿ.
ಹಿತ್ತಲ ಹತ್ತು ಗಿಡ: 7 ಕೆಜಿ 200 ಗ್ರಾಂ. ನಡುವೆ ಕದ್ದು ತೆಗೆದದ್ದು ಬೇರೆ.

ಕೊನೆಯ ಗಿಡ ಅಗೆಯುವಾಗ ಅಮ್ಮ ಪಕ್ಕದಲ್ಲಿ ಕೂತು ಮಣ್ಣಲ್ಲಿ ಕೈಯಾಡಿಸಿ ‘ಇನ್ನೊಂದಿದೆ, ಇನ್ನೊಂದಿದೆ’ ಅನ್ನುತ್ತಲೇ ಇದ್ದರು. ಆ ಒಂದು ಗಿಡದಲ್ಲೇ ಹದಿಮೂರು.

ತಾರಸಿತೋಟ
ಅಕ್ಕಾ, ಓದಿ ಮೈ ಜುಮ್ ಅಂತು! ಐದಕ್ಕೂ ಒಂದೇ ದಿನ ಗೊಬ್ಬರ ನಿಲ್ಲಿಸಿದಿರಿ. ಸರಿಸಿದ್ದಕ್ಕೆ ಎರಡು ಪಟ್ಟು ಬಂತು. ಕಾವು ಇಳಿಸಿದ್ದೇ ಕಾರಣ.

ಗುದ್ದಲಿ
ಎರಡು ಪಟ್ಟು ಬಂದದ್ದನ್ನು ಒಪ್ಪುತ್ತೇನೆ. ನೀವು ಹೇಳಿದ್ದು ಸರಿ. ಆದರೆ ನೆರಳಿನ ಬ್ಯಾಗಿನಲ್ಲಿ ಗಿಡಕ್ಕೆ ಸುಮಾರು 580 ಗ್ರಾಂ ಬಿದ್ದರೆ ಹಿತ್ತಲಲ್ಲಿ 720. ಆ ಕೊರತೆ ಎಲ್ಲಿಂದ? ಮೊದಲ 62 ದಿನದ ಯೂರಿಯಾ ಲೆಕ್ಕ ಅಲ್ಲಿದೆ.

ತಾರಸಿತೋಟ
ಅಥವಾ ಮೊದಲ 62 ದಿನದ ಕಾವಿನ ಲೆಕ್ಕ.

ಹಳೇಬೇರು
ಅಥವಾ ಬ್ಯಾಗಿಗೆ ಮೂರು ಗಿಡ ಜಾಸ್ತಿಯಾಯಿತು. 40 ಲೀಟರಿಗೆ ಎರಡು ಹಾಕಿ ನೋಡಿ. ನೆಲದಲ್ಲಿ ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟಿದ್ದರೆ ಒಂದೊಂದಕ್ಕೂ ಮಣ್ಣು ಎಷ್ಟೋ ಜಾಸ್ತಿ ಸಿಕ್ಕಿರುತ್ತದೆ.

ಮಲ್ಲಿಗೆಮೊಗ್ಗು
ಹೌದು ಸಾರ್, ಸರಿಯಾಗಿ ಒಂದು ಅಡಿ ಬಿಟ್ಟಿದ್ದೆ. ಮುಂದಿನ ಸಲ ಎರಡು ಬ್ಯಾಗಿಗೆ ಎರಡೆರಡು ಗಿಡ, ಎರಡು ಬ್ಯಾಗಿಗೆ ಮೂರು ಮೂರು. ಎಲ್ಲಾ ನೆರಳಲ್ಲೇ, ಯೂರಿಯಾ ಇಲ್ಲ. ಆ ಹದಿಮೂರು ಗಡ್ಡೆ ಬಿಟ್ಟ ಗಿಡದ್ದನ್ನೇ ಬಿತ್ತನೆಗೆ ಇಟ್ಟುಕೊಳ್ಳಲಾ?

ಬಿತ್ತನೆಕೈ
ಇಟ್ಟುಕೊಳ್ಳಿ, ಗಿಡ ಕೊನೆಯವರೆಗೂ ಆರೋಗ್ಯವಾಗಿತ್ತು ತಾನೆ? ಮೊಟ್ಟೆ ಗಾತ್ರದ ನಾಲ್ಕು ಆರಿಸಿ ಬೇರೆ ಇಡಿ. ಜೊತೆಗೆ ಪ್ರಮಾಣೀಕರಿಸಿದ್ದೂ ಸ್ವಲ್ಪ ತನ್ನಿ, ಹೋಲಿಸಲು. ಒಂದು ಮಾತು, ಈಗ ಅಗೆದ ಗಡ್ಡೆ ಕೂಡಲೇ ನೆಟ್ಟರೆ ಮೊಳೆಯುವುದಿಲ್ಲ. ಎರಡು ಮೂರು ತಿಂಗಳು ನಿದ್ದೆ ಮಾಡುತ್ತದೆ. ಕಣ್ಣು ಒಡೆಯಲು ಶುರುವಾದಾಗ ಕತ್ತಲೆಯಿಂದ ತೆಗೆದು, ಬೆಳಕಿರುವ ಆದರೆ ಬಿಸಿಲು ಬೀಳದ ಕಡೆ ತಟ್ಟೆಯಲ್ಲಿ ಜೋಡಿಸಿ. ಕಣ್ಣು ಒತ್ತಾಗಿರುವ ತುದಿ ಮೇಲೆ ಬರಲಿ. ಬಿಳಿ ಉದ್ದ ಮೊಳಕೆ ಮುರಿದುಹೋಗುತ್ತದೆ. ಬೆಳಕಲ್ಲಿ ಬಂದ ಮೊಳಕೆ ಗಿಡ್ಡಗೆ, ದಪ್ಪಗೆ, ಗಟ್ಟಿ ಇರುತ್ತದೆ.

ಮಲ್ಲಿಗೆಮೊಗ್ಗು
ನಾಲ್ಕು ಆರಿಸಿದೆ. ಅಕ್ಕಿ ಡಬ್ಬದ ಹಿಂದಿನ ಕತ್ತಲೆ ಮೂಲೆಯಲ್ಲಿ ಪುಟ್ಟ ಬುಟ್ಟಿ. ಯಾರೂ ಸಾರಿಗೆ ಹಾಕಬಾರದು ಅಂತ ಮೇಲೆ ಚೀಟಿ ಅಂಟಿಸಿದ್ದೇನೆ.